ಕುಡಿತಕ್ಕೂ ಖಿನ್ನತೆಗೂ ಒಟ್ಟಿಗೇ ಚಿಕಿತ್ಸೆ ಸಿಗಲಿ

ಮಾನ್ಯ ಸಂಪಾದಕರೇ,

ಮಾನಸಿಕ ಆರೋಗ್ಯದ ಕುರಿತು ಪತ್ರಿಕೆಗಳು ಮೊದಲಿಗಿಂತ ಹೆಚ್ಚು ಬರೆಯುತ್ತಿರುವುದು ಸಮಾಧಾನದ ಸಂಗತಿ. ಆದರೆ ಖಿನ್ನತೆ, ಆತಂಕ, ನಿದ್ರಾಹೀನತೆಗಳ ಬಗೆಗಿನ ಲೇಖನಗಳಲ್ಲಿ ಮದ್ಯದ ಮಾತು ಕೊನೆಯ ಸಾಲಿನ ಎಚ್ಚರಿಕೆಯಾಗಿ ಮಾತ್ರ ಬರುತ್ತದೆ. ಮದ್ಯಪಾನದ ಬಗೆಗಿನ ಲೇಖನಗಳಲ್ಲಿ ಯಕೃತ್ತು, ಅಪಘಾತ, ಹಾಳಾದ ಸಂಸಾರಗಳ ವಿಚಾರ ಇರುತ್ತದೆಯೇ ಹೊರತು ಕುಡಿಯುವವರ ಮನಸ್ಸಿನ ವಿಚಾರ ಇರುವುದು ಅಪರೂಪ. ಇವೆರಡೂ ಒಬ್ಬರಲ್ಲೇ ಇದ್ದು ಒಂದನ್ನೊಂದು ಬೆಳೆಸುತ್ತವೆ ಎಂಬುದನ್ನು ಓದುಗರಿಗೆ ಬಿಡಿಸಿ ಹೇಳಬೇಕಾದ ಅಗತ್ಯವಿದೆಯೆಂದು ಈ ಪತ್ರ ಬರೆಯುತ್ತಿದ್ದೇನೆ.

ಮನಸ್ಸು ಹಗುರಾಗಲೆಂದು ಕುಡಿಯುತ್ತೇನೆ ಎನ್ನುವವರು ಸುಳ್ಳು ಹೇಳುತ್ತಿರುವುದಿಲ್ಲ. ಮಿದುಳಿನ ಚಟುವಟಿಕೆಯನ್ನು ಶಮನಗೊಳಿಸುವ ಗಾಬಾ ಎಂಬ ರಾಸಾಯನಿಕದ ಪರಿಣಾಮವನ್ನು ಮದ್ಯಸಾರ ಹೆಚ್ಚಿಸುತ್ತದೆ, ಅದನ್ನು ಕೆರಳಿಸುವ ಗ್ಲುಟಮೇಟ್‌ನ ಪ್ರಭಾವವನ್ನು ತಗ್ಗಿಸುತ್ತದೆ; ಹಾಗಾಗಿ ಸ್ವಲ್ಪ ಹೊತ್ತು ನಿಜಕ್ಕೂ ನಿರಾಳವೆನಿಸುತ್ತದೆ. ಆದರೆ ದಿನವೂ ಕುಡಿಯುತ್ತ ಹೋದರೆ ಮಿದುಳು ಅದಕ್ಕೆ ಹೊಂದಿಕೊಳ್ಳಲು ತನ್ನನ್ನು ವಿರುದ್ಧ ದಿಕ್ಕಿಗೆ ಬದಲಿಸಿಕೊಳ್ಳುತ್ತದೆ, ಮದ್ಯದ ಪ್ರಭಾವ ಇಳಿದ ಕೂಡಲೇ ಕೆರಳುವಿಕೆಯೇ ಮೇಲುಗೈಯಾಗುತ್ತದೆ. ಸಂಜೆ ತಂದ ಸಾಲಕ್ಕೆ ನಸುಕಿನಲ್ಲೇ ಬಡ್ಡಿ ಕಟ್ಟಬೇಕಾದ ಸ್ಥಿತಿ ಅದು. ನಿದ್ರೆಯ ಕಥೆಯೂ ಇಷ್ಟೇ. ಕುಡಿದಾಗ ನಿದ್ದೆ ಬೇಗ ಹತ್ತುತ್ತದೆ, ಆದರೆ ಕನಸು ಬೀಳುವ ಹಂತದ ನಿದ್ರೆ ಕುಗ್ಗುತ್ತದೆ ಮತ್ತು ರಾತ್ರಿಯ ಎರಡನೆಯ ಭಾಗದಲ್ಲಿ ಪದೇ ಪದೇ ಎಚ್ಚರವಾಗುತ್ತದೆ.

ನನ್ನ ಭಾವನವರನ್ನು ನಾನು ಈ ಸ್ಥಿತಿಯಲ್ಲಿ ಹತ್ತಿರದಿಂದ ನೋಡಿದ್ದೇನೆ. ನಡುರಾತ್ರಿ ದೀಪ ಹಾಕಿಕೊಂಡು, ಮಂಚದ ಅಂಚಿನಲ್ಲಿ ಕುಳಿತು, ಬೆವರಿದ ಎದೆಯ ಮೇಲೆ ಅಂಗೈ ಒತ್ತಿಕೊಂಡಿರುತ್ತಿದ್ದರು. ಬೆಳಿಗ್ಗೆ ನೀರಿನ ಲೋಟವನ್ನು ಎರಡೂ ಕೈಗಳಲ್ಲಿ ಹಿಡಿಯದೆ ಬಾಯಿಗೆ ತಂದುಕೊಳ್ಳಲು ಆಗುತ್ತಿರಲಿಲ್ಲ. ನಿದ್ದೆ ಬರುವುದಿಲ್ಲವೆಂದು ವೈದ್ಯರ ಬಳಿ ಹೋದಾಗ ನಿದ್ರೆಮಾತ್ರೆ ಸಿಕ್ಕಿತೇ ವಿನಾ, ಕುಡಿಯುತ್ತೀರಾ, ಎಷ್ಟು ಕುಡಿಯುತ್ತೀರಿ ಎಂದು ಯಾರೂ ಕೇಳಲಿಲ್ಲ. ಮದ್ಯದ ಜೊತೆ ಇಂಥ ಮಾತ್ರೆಗಳು ಸೇರಿದರೆ ಉಸಿರಾಟವೇ ಕುಂದಿ ಪ್ರಾಣಕ್ಕೆ ಅಪಾಯವಾಗಬಹುದು ಎನ್ನುವುದು ನಮಗಾಗ ಗೊತ್ತಿರಲಿಲ್ಲ. ಮುಂದೆ ಮನೋವೈದ್ಯರೊಬ್ಬರು ಮೊದಲು ಕುಡಿತ ಬಿಡಿಸಿಕೊಂಡು ಬನ್ನಿ ಎಂದರು. ವ್ಯಸನಮುಕ್ತಿ ಕೇಂದ್ರವೊಂದರಲ್ಲಿ ಮೊದಲು ಖಿನ್ನತೆಗೆ ಚಿಕಿತ್ಸೆ ಪಡೆದು ಬನ್ನಿ ಎಂದರು. ಎರಡೂ ಕಡೆ ನಮಗೆ ಸಿಕ್ಕಿದ್ದು ಇನ್ನೊಂದು ಕಡೆಯ ವಿಳಾಸ ಮಾತ್ರ. ಅಷ್ಟರಲ್ಲಿ ಅಕ್ಕ ಸೋತುಹೋಗಿದ್ದಳು.

ಮೊದಲು ಬಂದದ್ದು ಕುಡಿತವೋ ಖಿನ್ನತೆಯೋ ಎಂಬ ಪ್ರಶ್ನೆ ನಿರರ್ಥಕವೆಂದು ನಾನು ಹೇಳುತ್ತಿಲ್ಲ. ಕುಡಿತದಿಂದಲೇ ಹುಟ್ಟಿದ ಖಿನ್ನತೆಯು ಕುಡಿತ ಬಿಟ್ಟ ಮೂರು ನಾಲ್ಕು ವಾರಗಳಲ್ಲಿ ಬಹಳ ಮಂದಿಯಲ್ಲಿ ತಾನಾಗಿ ತಿಳಿಯಾಗುತ್ತದೆ, ಹಾಗೆ ತಿಳಿಯಾಗದಿದ್ದರೆ ಅದಕ್ಕೆ ಪ್ರತ್ಯೇಕ ಚಿಕಿತ್ಸೆಯೇ ಬೇಕು. ಆದರೆ ಈ ಉತ್ತರ ತಿಳಿಯುವವರೆಗೆ ರೋಗಿಯು ವೈದ್ಯರ ಕಣ್ಣಳತೆಯಲ್ಲಿರಬೇಕು, ಹೊರಗೆ ಕಾಯುತ್ತಿರಬಾರದು. ಅಮಲು ಹತಾಶೆಯನ್ನು ಆಳವಾಗಿಸುವುದರ ಜೊತೆಗೆ ಮನಸ್ಸಿನ ಕಡಿವಾಣವನ್ನೂ ಸಡಿಲಿಸುವುದರಿಂದ ಆತ್ಮಹತ್ಯೆಯ ಅಪಾಯ ಹೆಚ್ಚುವ ಹೊತ್ತೇ ಅದು. ಮನೋವೈದ್ಯರು ಬಳಸುವ, 2013ರಲ್ಲಿ ಪ್ರಕಟವಾದ ಡಿಎಸ್‌ಎಂ-5 ಕೈಪಿಡಿಯು ಮದ್ಯಪಾನದ ಕಾಯಿಲೆಯನ್ನು ಗುರುತಿಸಲು ಕೊಡುವ 11 ಲಕ್ಷಣಗಳಲ್ಲಿ, ದೇಹದ ಅಥವಾ ಮನಸ್ಸಿನ ತೊಂದರೆ ಕುಡಿತದಿಂದ ಉಲ್ಬಣಿಸುತ್ತಿದೆಯೆಂದು ಗೊತ್ತಿದ್ದರೂ ಕುಡಿಯುತ್ತ ಹೋಗುವುದೂ ಒಂದು. ಅಂದರೆ ಯಾವುದನ್ನು ಮೊಂಡುತನವೆಂದು ಮನೆಯವರು ಬಯ್ಯುತ್ತಾರೋ ಅದೇ ಕಾಯಿಲೆಯ ಗುರುತಾಗಿರಬಹುದು.

ಮನೆಯವರಿಗೆ ತಿಳಿದಿರಬೇಕಾದ ಇನ್ನೊಂದು ವಿಷಯವಿದೆ. ಬಹುಕಾಲದಿಂದ ವಿಪರೀತ ಕುಡಿಯುತ್ತಿರುವವರನ್ನು ಇವತ್ತೇ ಬಿಟ್ಟುಬಿಡು ಎಂದು ಒತ್ತಾಯಿಸಿ ಕೋಣೆಯಲ್ಲಿ ಕೂರಿಸುವುದು ಅಪಾಯಕಾರಿ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು; ಎರಡರಿಂದ ನಾಲ್ಕನೆಯ ದಿನದ ಹೊತ್ತಿಗೆ ಕೆಲವರಲ್ಲಿ ಜ್ವರ, ನಡುಕ, ದಿಕ್ಕು ತಪ್ಪಿದ ಮಾತು, ಇಲ್ಲದ್ದನ್ನು ಕಾಣುವುದು ಶುರುವಾಗುತ್ತದೆ. ಹುಚ್ಚು ಹಿಡಿಯಿತೆಂದೋ ನಾಟಕವೆಂದೋ ತಿಳಿದು ಸುಮ್ಮನಿದ್ದರೆ ಇದು ಜೀವಕ್ಕೆ ಎರವಾಗಬಹುದು. ಆಸ್ಪತ್ರೆಯಲ್ಲಿ ಇದಕ್ಕೆ ಔಷಧಿಯಿದೆ, ಜೊತೆಗೆ ಥಯಾಮಿನ್ ಅಂದರೆ ವಿಟಮಿನ್ ಬಿ1 ಕೊಡುತ್ತಾರೆ, ಏಕೆಂದರೆ ಅದರ ಕೊರತೆ ಮಿದುಳಿಗೆ ಮಾಡುವ ಹಾನಿ ಮುಂದೆ ನೆನಪಿನ ಶಕ್ತಿಯನ್ನೇ ಶಾಶ್ವತವಾಗಿ ಕಸಿಯಬಲ್ಲದು. 1881ರಷ್ಟು ಹಿಂದೆಯೇ ಜರ್ಮನಿಯ ವೈದ್ಯ ಕಾರ್ಲ್ ವೆರ್ನಿಕೆ ವಿವರಿಸಿದ್ದ ಈ ಮಿದುಳಿನ ಕಾಯಿಲೆ, ಸಕಾಲದಲ್ಲಿ ಕೊಟ್ಟ ಇಂಜೆಕ್ಷನ್‌ನಿಂದ ತಡೆಯಬಹುದಾದದ್ದು.

ಆದ್ದರಿಂದ ವೈದ್ಯರಲ್ಲಿ ನನ್ನ ಕೋರಿಕೆ: ನಿದ್ದೆಯಿಲ್ಲ, ಎದೆ ಬಡಿದುಕೊಳ್ಳುತ್ತದೆ, ಯಾವುದರಲ್ಲೂ ಆಸಕ್ತಿಯಿಲ್ಲ ಎಂದು ಬರುವ ಪ್ರತಿಯೊಬ್ಬರನ್ನೂ, ಹೆಂಗಸರನ್ನೂ ಸೇರಿಸಿ, ಕುಡಿತದ ಬಗ್ಗೆ ಕೇಳಿರಿ, ತೀರ್ಪು ಕೊಡುವ ದನಿಯಲ್ಲಿ ಕೇಳಬೇಡಿ. ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ಆಡಿಟ್ ಎಂಬ ಪ್ರಶ್ನಾವಳಿಯಲ್ಲಿರುವುದು ಕೇವಲ 10 ಪ್ರಶ್ನೆಗಳು, ಅವಕ್ಕೆ ಕೆಲವೇ ನಿಮಿಷ ಸಾಕು. ತಮ್ಮ ಪತ್ರಿಕೆಯ ಆರೋಗ್ಯ ಪುಟದಲ್ಲಿ ಆ ಪ್ರಶ್ನೆಗಳನ್ನು ಸರಳ ಕನ್ನಡದಲ್ಲಿ ಪ್ರಕಟಿಸಿ, ಮನೋವೈದ್ಯರನ್ನೂ ವ್ಯಸನ ಚಿಕಿತ್ಸಕರನ್ನೂ ಒಟ್ಟಿಗೆ ಕೂರಿಸಿ ಓದುಗರ ಪ್ರಶ್ನೆಗಳಿಗೆ ಉತ್ತರ ಕೊಡಿಸಬೇಕೆಂದು ವಿನಂತಿಸುತ್ತೇನೆ.

ಇತಿ,
ತಮ್ಮ ಪತ್ರಿಕೆಯ ಓದುಗ