ಪೆನ್ಸಿಲ್ ಗೆರೆ ಮರೆತು ಬ್ರಷ್ ಹಿಡಿ

ವಿಜಯಪುರ

ಚಿ. ನೀಲಾಳಿಗೆ ನಿನ್ನ ಕಾಕಾ ಮಾಡುವ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಆರಾಮ ಇದ್ದೇವೆ. ನೀನು ಫೋನಿಗೆ ಕಳಿಸಿದ ಎರಡೂ ಚಿತ್ರ ನೋಡಿದೆ. ಒಂದು ಬರೀ ಪೆನ್ಸಿಲ್‌ದು, ಇನ್ನೊಂದು ಅದರ ಮೇಲೆ ಇಂಕು ಹಾಕಿದ್ದು. "ಕಾಕಾ, ಇಂಕು ಹಾಕಿದ ಮೇಲೆ ಯಾಕೆ ಕೆಡುತ್ತದೆ?" ಅಂತ ಕೇಳಿದ್ದೀಯ. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ, ಅದಕ್ಕೇ ಪತ್ರ. ಕೂತು ಓದು.

ಪೆನ್ಸಿಲ್ ಚಿತ್ರ ನಿಜಕ್ಕೂ ಚೆನ್ನಾಗಿದೆ. ಬಸ್ ಸ್ಟ್ಯಾಂಡಿನ ಕಟ್ಟೆ ಮೇಲೆ ಕೂತ ಮುದುಕಿ, ಪಕ್ಕದಲ್ಲಿ ಗಂಟು, ಒಂದು ಕೈ ಮೊಣಕಾಲ ಮೇಲೆ. ಆಕೆಗೆ ಬೆನ್ನು ನೋಯುತ್ತಿದೆ ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ. ಇಂಕಿನ ಚಿತ್ರದಲ್ಲೂ ಅದೇ ಮುದುಕಿ, ಅದೇ ಗಂಟು. ಆದರೆ ಮೈಯಲ್ಲಿ ಭಾರವೇ ಇಲ್ಲ. ಮೂಗಿನ ಗೆರೆ, ಸೀರೆಯ ಗೆರೆ, ಕಲ್ಲುಕಟ್ಟೆಯ ಗೆರೆ ಎಲ್ಲ ಒಂದೇ ದಪ್ಪ. ಅಲ್ಲಲ್ಲಿ ಕೈ ನಡುಗಿದ್ದೂ ಕಾಣುತ್ತದೆ. ಪೆನ್ಸಿಲ್ ಗೆರೆ ಬಿಟ್ಟು ಒಂದು ಕೂದಲಷ್ಟೂ ಆಚೀಚೆ ಹೋಗಬಾರದು ಅಂತ ಹೆದರಿ ಎಳೆದಿದ್ದೀಯ, ಅಲ್ವಾ? ಒಂದನೇ ಇಯತ್ತೆಯ ಹುಡುಗರು ಪಾಟಿಯ ಮೇಲೆ ಅಕ್ಷರ ತಿದ್ದುತ್ತಾರಲ್ಲ, ನೀನು ಮಾಡಿದ್ದು ಅದನ್ನೇ.

ಪೆನ್ಸಿಲ್ ಹೇಳಬೇಕಾದ್ದು ಯಾವುದು ಎಲ್ಲಿದೆ ಅಂತ ಮಾತ್ರ. ಗೆರೆ ದಪ್ಪವೋ ತೆಳುವೋ, ಎಲ್ಲಿ ನಿಲ್ಲಬೇಕು, ಎಲ್ಲಿ ಕಪ್ಪು ತುಂಬಬೇಕು ಅನ್ನುವುದೆಲ್ಲ ಬ್ರಷ್ ಹಿಡಿದ ಮೇಲಿನ ಕೆಲಸ. ಅಂದರೆ ಚಿತ್ರವನ್ನು ಎರಡನೇ ಸಲ ಹೊಸದಾಗಿ ಬರೆಯಬೇಕು. ಅದಕ್ಕೇ ಪೆನ್ಸಿಲ್ ಕೆಲಸ ಸ್ವಲ್ಪ ಕಡಿಮೆಯೇ ಮಾಡು. ನೆರಳಿಗೆ ಉಜ್ಜಬೇಡ, ಪ್ರತಿ ನೆರಿಗೆಯನ್ನೂ ತೋರಿಸಬೇಡ. ಎಲ್ಲ ಅಲ್ಲೇ ಮುಗಿಸಿಬಿಟ್ಟರೆ ಬ್ರಷ್‌ಗೆ ಮಾಡಲು ಏನೂ ಉಳಿಯುವುದಿಲ್ಲ.

ಸಾಮಾನಿನ ಮಾತು ಬೇಗ ಮುಗಿಸಿಬಿಡೋಣ. ನೀನು ಸೊನ್ನೆ ನಂಬರ್ ಬ್ರಷ್ ತಗೊಂಡಿದ್ದೀಯ. ತೆಳು ಗೆರೆಗೆ ಚಿಕ್ಕ ಬ್ರಷ್ ಬೇಕು ಅಂತ ಹೊಸಬರೆಲ್ಲ ಹೀಗೇ ಅಂದುಕೊಳ್ಳುತ್ತಾರೆ. ಅದರ ಹೊಟ್ಟೆಯಲ್ಲಿ ಇಂಕು ನಿಲ್ಲುವುದಿಲ್ಲ. ಹುಬ್ಬು ಬರೆದು ಮುಗಿಸುವಷ್ಟರಲ್ಲಿ ಖಾಲಿ. ಸೀರೆಯ ಒಂದು ನೆರಿಗೆ ಎಳೆಯಲು ನಡುನಡುವೆ ಅದ್ದುತ್ತಾ ಹೋಗಬೇಕು, ಅದ್ದಿದ ಕಡೆಯೆಲ್ಲ ಗೆರೆ ಗಂಟು ಕಟ್ಟುತ್ತದೆ. 2 ಅಥವಾ 3 ನಂಬರ್ ರೌಂಡ್ ಬ್ರಷ್ ತಗೋ. ತುದಿ ಚೂಪಾಗಿದ್ದರೆ ಅದರಿಂದಲೇ ರೆಪ್ಪೆಗೂದಲೂ ಬರುತ್ತದೆ, ಒತ್ತಿದರೆ ಜಡೆಯೂ ಬರುತ್ತದೆ.

ಅಂಗಡಿಯಲ್ಲಿ ಹೊಸ ಬ್ರಷ್ ಎಲ್ಲವೂ ಚೂಪಾಗಿಯೇ ಕಾಣುತ್ತವೆ. ನಂಬಬೇಡ, ಅದು ಅಂಟು ಹಾಕಿ ಕೂರಿಸಿದ ತುದಿ. ಒಂದು ಲೋಟ ನೀರು ಕೇಳು. ಅಂಟು ಬಿಡುವವರೆಗೆ ಅದ್ದಿ, ಒಮ್ಮೆ ಝಾಡಿಸು. ಕೂದಲೆಲ್ಲ ತಾನಾಗಿ ಒಂದೇ ತುದಿಗೆ ಬಂದರೆ ತಗೋ, ಎರಡಾಗಿ ಒಡೆದರೆ ವಾಪಸ್ ಇಡು. ಅಂಗಡಿಯವನು ಮುಖ ಸಿಂಡರಿಸಿದರೆ ಸಿಂಡರಿಸಲಿ, ದುಡ್ಡು ನಿನ್ನದು.

ಕೊಲಿನ್ಸ್ಕಿ ಸೇಬಲ್ ಬ್ರಷ್ ಬಗ್ಗೆ ಕೇಳಿದ್ದೀಯ. ಹೌದು, ಇಂಕಿನ ಕೆಲಸಕ್ಕೆ ಅದನ್ನು ಮೀರಿಸಿದ್ದು ಇಲ್ಲ. ಸೈಬೀರಿಯಾ ಕಡೆಯ ಒಂದು ಜಾತಿ ವೀಸಲ್ ಪ್ರಾಣಿಯ ಬಾಲದ ಕೂದಲು ಅದು. ಇಂಗ್ಲೆಂಡಿನ ವಿನ್ಸರ್ ಅಂಡ್ ನ್ಯೂಟನ್ ಕಂಪನಿ 1866ರಲ್ಲಿ ವಿಕ್ಟೋರಿಯಾ ರಾಣಿಗೋಸ್ಕರ ಮಾಡಿದ ಸೀರೀಸ್ 7 ಬ್ರಷ್ ಈಗಲೂ ಸಿಗುತ್ತದೆ. ಬೆಲೆ ಕೇಳಿದರೆ ನಿಮ್ಮಪ್ಪ ನನ್ನ ಮೇಲೇ ರೇಗುತ್ತಾನೆ. ಸದ್ಯಕ್ಕೆ ಸಿಂಥೆಟಿಕ್ ಸಾಕು. ಅದರ ತುದಿ ಕೆಲವು ತಿಂಗಳಿಗೆ ಕೊಕ್ಕೆ ಬೀಳುತ್ತದೆ. ಆಗ ಕಪ್ಪು ತುಂಬಲು ಇಟ್ಟುಕೊಂಡು ಹೊಸದು ತಗೋ. ಯಾರಾದರೂ ಮುಂಗುಸಿ ಕೂದಲಿನ ಬ್ರಷ್ ಕೊಡಲು ಬಂದರೆ ಮುಟ್ಟಬೇಡ. ಹಳೆಯ ಪೇಂಟರುಗಳು ಅದನ್ನು ಬಹಳ ಹೊಗಳುತ್ತಾರೆ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅದನ್ನು ಮಾರುವುದು ಅಪರಾಧ. ಕಾಯ್ದೆ ಬಿಡು, ಒಂದು ಗೆರೆಗೋಸ್ಕರ ಆ ಪ್ರಾಣಿಯನ್ನು ಕೊಲ್ಲಬೇಕಾ?

ಇಂಕು ವಾಟರ್‌ಪ್ರೂಫ್ ಡ್ರಾಯಿಂಗ್ ಇಂಕೇ ಇರಲಿ. ಅದರಲ್ಲಿರುವುದು ಕಾಡಿಗೆ ಮಸಿ ಮತ್ತು ಅರಗು. ಅರಗು ಒಣಗಿದರೆ ನೀರಿಗೆ ಕರಗುವುದಿಲ್ಲ. ಗೆರೆಯ ಮೇಲೆ ಬಣ್ಣ ಓಡಿಸಿದರೂ ಇಂಕು ಹರಡದಿರುವುದು ಅದರಿಂದಲೇ. ಬ್ರಷ್ ಹಾಳಾಗುವುದೂ ಅದರಿಂದಲೇ. ಇಂಕು ಕೂದಲಿನ ಬುಡಕ್ಕೆ ಏರಿ, ಕೂದಲನ್ನು ಹಿಡಿದಿರುವ ತಗಡಿನ ಒಳಗೆ ಒಣಗಿತು ಅಂದರೆ ಕೂದಲು ಅರಳಿ ನಿಲ್ಲುತ್ತದೆ, ಮತ್ತೆ ತುದಿ ಕೂಡುವುದಿಲ್ಲ. ಕೂದಲಿನ ಅರ್ಧಕ್ಕಿಂತ ಜಾಸ್ತಿ ಅದ್ದಬೇಡ. ನಡುನಡುವೆ ನೀರಿನಲ್ಲಿ ತೊಳೆ. ಕೆಲಸ ಮುಗಿದ ಮೇಲೆ ಅಂಗೈಯಲ್ಲಿ ಸ್ವಲ್ಪ ಮೈಸೋಪು ಹಾಕಿಕೊಂಡು, ತಣ್ಣೀರಲ್ಲಿ ಮೆಲ್ಲಗೆ ತಿಕ್ಕು. ನೊರೆಯಲ್ಲಿ ಕಪ್ಪು ಬರುವುದು ನಿಲ್ಲಬೇಕು. ಬಿಸಿನೀರು ಬೇಡ, ತಗಡಿನೊಳಗಿನ ಅಂಟು ಸಡಿಲಾಗುತ್ತದೆ. ತುದಿ ಬೆರಳಲ್ಲಿ ಕೂಡಿಸಿ ಮಲಗಿಸಿ ಒಣಗಿಸು. ನೀರಿನ ಲೋಟದಲ್ಲಿ ತಲೆಕೆಳಗಾಗಿ ನಿಲ್ಲಿಸಿ ಚಹಾ ಕುಡಿಯಲು ಹೋಗುವವರನ್ನು ಬಹಳ ಮಂದಿ ನೋಡಿದ್ದೇನೆ. ನೀನು ಅವರಲ್ಲಿ ಒಬ್ಬಳಾಗಬೇಡ.

ಇಲ್ಲಿ ವಿಜಯಪುರದಲ್ಲಿ ಬೇಸಿಗೆಗೆ 40 ಡಿಗ್ರಿ ದಾಟಿದ ಮೇಲೆ ಬಾಟಲಿ ತೆರೆದಿಟ್ಟರೆ ಸಾಕು, ಇಂಕು ಗಟ್ಟಿಯಾಗುತ್ತದೆ. ನಾನು ಸಣ್ಣ ಮುಚ್ಚಳದಲ್ಲಿ ಸ್ವಲ್ಪವೇ ಹಾಕಿಕೊಳ್ಳುತ್ತೇನೆ, ಫ್ಯಾನ್ ಬಂದ್ ಮಾಡುತ್ತೇನೆ. ಗೆರೆ ಜಿಗುಟಾಗಿ ಬರತೊಡಗಿದರೆ ಒಂದು ಹನಿ ನೀರು. ನಿಮ್ಮ ಬೆಳಗಾವಿಯ ಮಳೆಗಾಲ ಇದಕ್ಕೆ ಉಲ್ಟಾ. ಅಲ್ಲಿ ಹಾಳೆಯೇ ತೇವ ಹೀರಿರುತ್ತದೆ, ಇಂಕು ಒಣಗಲು ತಡ. ಅವಸರ ಮಾಡಿ ಪೆನ್ಸಿಲ್ ಅಳಿಸಲು ರಬ್ಬರ್ ಉಜ್ಜಿದರೆ ಎಲ್ಲ ಹರಡಿಹೋಗುತ್ತದೆ. ಒಣಗಿದ ಮೇಲೂ ಮೆಲ್ಲಗೆ ಉಜ್ಜು, ಜೋರಾಗಿ ತಿಕ್ಕಿದರೆ ಕಪ್ಪು ಬೂದು ಬಣ್ಣಕ್ಕೆ ತಿರುಗುತ್ತದೆ. ಹಿಂದೆ ಚಿತ್ರಗಳನ್ನು ಕ್ಯಾಮೆರಾದಲ್ಲಿ ತೆಗೆದು ಅಚ್ಚಿಗೆ ಕಳಿಸುತ್ತಿದ್ದ ಕಾಲದಲ್ಲಿ ಚಿತ್ರಗಾರರು ತಿಳಿನೀಲಿ ಪೆನ್ಸಿಲ್ ಬಳಸುತ್ತಿದ್ದರು. ಆ ಫಿಲ್ಮಿಗೆ ತಿಳಿನೀಲಿ ಕಾಣುತ್ತಲೇ ಇರಲಿಲ್ಲ, ಅಳಿಸುವ ಕೆಲಸವೇ ಇಲ್ಲ. ನೀನೂ ಮಾಡಬಹುದು. ಸ್ಕ್ಯಾನ್ ಮಾಡಿದ ಮೇಲೆ ಕಂಪ್ಯೂಟರಿನಲ್ಲಿ ನೀಲಿ ತೆಗೆಯುವುದು ನಿನಗೆ ನನಗಿಂತ ಚೆನ್ನಾಗಿ ಗೊತ್ತು.

ಹಾಳೆ ನುಣುಪಾಗಿರಲಿ, ಇಂಕು ಹೀರದಿರಲಿ. ಅಭ್ಯಾಸಕ್ಕೆ ದುಡ್ಡು ಸುರಿಯಬೇಡ. ಮನೆಗೆ ಬಂದ ಲಗ್ನಪತ್ರಿಕೆಗಳ ಹಿಂಬದಿ ನೋಡು. ಹೊಳಪಿಲ್ಲದ ದಪ್ಪ ಕಾರ್ಡಾದರೆ ಗೆರೆ ಸೊಗಸಾಗಿ ನಿಲ್ಲುತ್ತದೆ. ನಮ್ಮ ಬಳಗದಲ್ಲಿ ಲಗ್ನಕ್ಕೇನು ಬರವೇ?

ಇನ್ನು ಕೈ. ನೀನು ಬ್ರಷ್ ಅನ್ನು ಪೆನ್ನಿನ ಹಾಗೆ ಅಡ್ಡ ಮಲಗಿಸಿ, ತಗಡಿನ ಹತ್ತಿರವೇ ಬಿಗಿಯಾಗಿ ಹಿಡಿಯುತ್ತೀಯ ಅಂತ ಗೆರೆ ನೋಡಿಯೇ ಹೇಳಬಲ್ಲೆ. ಸ್ವಲ್ಪ ಮೇಲೆ ಹಿಡಿ, ನೆಟ್ಟಗೆ ನಿಲ್ಲಿಸು. ಕಿರುಬೆರಳು ಮಾತ್ರ ಹಾಳೆಗೆ ತಾಗಲಿ. ಚಿಕ್ಕ ಗೆರೆಗೆ ಬೆರಳು ಸಾಕು, ಉದ್ದ ಗೆರೆ ಭುಜದಿಂದ ಬರಬೇಕು. ಬಾದಾಮಿಯ ಬನಶಂಕರಿ ಜಾತ್ರೆಗೆ ನಾಟಕ ಕಂಪನಿಗಳು ಬರುತ್ತವಲ್ಲ, ಅವರ ಪರದೆಗಳಲ್ಲಿ ಆಳೆತ್ತರದ ಅರಮನೆ ಕಂಬಗಳಿರುತ್ತವೆ. ಮಣಿಕಟ್ಟು ಊರಿಕೊಂಡು ಕೂತರೆ ಅಂಥ ಕಂಬ ಏಳುವುದಿಲ್ಲ. ಗೆರೆಯನ್ನು ನಿನ್ನ ಕಡೆಗೆ ಎಳೆ, ದೂರಕ್ಕೆ ತಳ್ಳಬೇಡ. ಅದಕ್ಕೆ ಹಾಳೆ ತಿರುಗಿಸಬೇಕಾಗುತ್ತದೆ. ತಿರುಗಿಸು, ಚಿತ್ರ ತಲೆಕೆಳಗಾದರೂ ಅಡ್ಡಿಯಿಲ್ಲ. ಕಣ್ಣು ತುದಿಯ ಮೇಲೆ ಇರಬಾರದು, ಗೆರೆ ಹೋಗಿ ಮುಟ್ಟಬೇಕಾದ ಜಾಗದ ಮೇಲೆ ಇರಬೇಕು. ನಿನ್ನ ಆಯಿ ರಂಗೋಲಿ ಎಳೆಯುವಾಗ ಬೆರಳು ನೋಡುತ್ತಿರಲಿಲ್ಲ, ಮುಂದಿನ ಚುಕ್ಕಿ ನೋಡುತ್ತಿದ್ದಳು. ಇಲ್ಲೂ ಅಷ್ಟೇ.

ಅಭ್ಯಾಸಕ್ಕೆ ಬರೀ ಅಡ್ಡಗೆರೆ ಉದ್ದಗೆರೆ ಹಾಕುತ್ತಾ ಕೂತರೆ ಬೇಜಾರಾಗಿ ಬಿಟ್ಟುಬಿಡುತ್ತೀಯ. ಕನ್ನಡ ಅಕ್ಷರ ಬರೆ. ನಮ್ಮ ಲಿಪಿಯಲ್ಲಿ ನೇರ ಗೆರೆ ಕಡಿಮೆ, ಎಲ್ಲ ಸುತ್ತು. 'ಆ' ಬರೆಯುವಾಗ ಎಲ್ಲಿ ಒತ್ತಬೇಕು, ಎಲ್ಲಿ ಎತ್ತಬೇಕು ಅಂತ ಕೈಗೆ ತಾನಾಗಿ ತಿಳಿಯುತ್ತದೆ. 'ಋ', 'ಝ', 'ಕ್ಷ' ಬರೆದರೆ ಇನ್ನೂ ಒಳ್ಳೆಯದು. ಬೆಳಗಾವಿಯ ಹಳೆ ಪೇಟೆಯಲ್ಲಿ ಕೈಯಿಂದ ಬರೆದ ಬೋರ್ಡುಗಳು ಇನ್ನೂ ಅಲ್ಲೊಂದು ಇಲ್ಲೊಂದು ಉಳಿದಿವೆ. ಕನ್ನಡ, ಮರಾಠಿ ಎರಡೂ ಒಂದೇ ಬ್ರಷ್‌ನಿಂದ ಬರೆದದ್ದು. ಹತ್ತಿರ ಹೋಗಿ ನೋಡು, ಬ್ರಷ್ ಎಲ್ಲಿ ಇಳಿಯಿತು, ಎಲ್ಲಿ ಎದ್ದಿತು ಅಂತ ಬಣ್ಣದಲ್ಲೇ ಕಾಣುತ್ತದೆ. ಫ್ಲೆಕ್ಸ್ ಬಂದು ಆ ಕೆಲಸ ನಿಂತೇಹೋಗುತ್ತಿದೆ. ಫೋಟೋ ಆದರೂ ತೆಗೆದಿಟ್ಟುಕೋ.

ದಪ್ಪ ತೆಳು ಎಲ್ಲೆಂದರಲ್ಲಿ ಹಾಕುವುದಲ್ಲ. ಬೆಳಕು ಬೀಳುವ ಕಡೆ ತೆಳು, ಭಾರ ಕೂತ ಕಡೆ ದಪ್ಪ. ನಿನ್ನ ಮುದುಕಿ ಕಟ್ಟೆಗೆ ತಾಗಿದ ಜಾಗದಲ್ಲಿ, ಗಂಟಿನ ಅಡಿಯಲ್ಲಿ, ಮೊಣಕಾಲ ಮೇಲಿನ ಕೈಯ ಕೆಳಗೆ ಒತ್ತಿ ಎಳೆದರೆ ಆಕೆ ನಿಜವಾಗಿ ಕೂತಂತೆ ಆಗುತ್ತದೆ. ಹಣೆಯ ಗೆರೆಯನ್ನು ಬಿಸಿಲಿನ ಕಡೆ ಪೂರ್ತಿ ಬಿಟ್ಟೇಬಿಡು. ನೋಡುವವರ ಕಣ್ಣೇ ಆ ಗೆರೆಯನ್ನು ತುಂಬಿಕೊಳ್ಳುತ್ತದೆ.

ಆಕೆಯ ಸೀರೆ ಇಳಕಲ್‌ದು ಅಂತ ನೀನೇ ಬರೆದಿದ್ದೀಯ. ಹಾಗಾದರೆ ಸೆರಗು ಕೆಂಪು, ಅದರ ಮೇಲೆ ಬಿಳಿ ತೆನಿ, ಅಂದರೆ ನೇಯ್ದ ಬಿಳಿ ಚಿತ್ತಾರ. ಕಪ್ಪು ಬಿಳುಪಿನ ಚಿತ್ರದಲ್ಲಿ ಕೆಂಪು ಏನಾಗಬೇಕು? ಕಪ್ಪಾಗಲಿ. ನೀನು ಮಾಡಿದಂತೆ ಪ್ರತಿ ತೆನಿಗೂ ಸುತ್ತ ಗೆರೆ ಹಾಕಿದರೆ ಸೆರಗು ಜಾಳುಜಾಳಾಗುತ್ತದೆ. ಅದರ ಬದಲು ತೆನಿಯ ಜಾಗ ಬಿಟ್ಟು ಸುತ್ತಲೂ ಕಪ್ಪು ತುಂಬು, ಬಿಳಿ ತಾನಾಗಿ ಏಳುತ್ತದೆ. ನೆರಿಗೆ ಮಡಚಿದ ಕಡೆ ತೆನಿ ಅರ್ಧಕ್ಕೆ ತುಂಡಾಗಿ, ಆಚೆ ಮಗ್ಗುಲಲ್ಲಿ ಸ್ವಲ್ಪ ಸರಿದು ಶುರುವಾಗಬೇಕು. ಬಟ್ಟೆ ಮಡಚಿದೆ ಅಂತ ಹೇಳಲು ಅಷ್ಟು ಸಾಕು, ಬೇರೆ ನೆರಳು ಬೇಕಾಗಿಲ್ಲ. ಸೀರೆಯ ಒಡಲಿಗೆ ಬರೀ ನಾಲ್ಕು ಗೆರೆ. ಈಗ ಇಡೀ ಚಿತ್ರದಲ್ಲಿ ಕಣ್ಣು ಮೊದಲು ಸೆರಗಿಗೆ ಹೋಗುತ್ತದೆ, ಅಲ್ಲಿಂದ ತಲೆಗೆ, ಮುಖಕ್ಕೆ.

ಕಪ್ಪು ಎಲ್ಲಿ ಕೂರಬೇಕು ಅನ್ನುವುದನ್ನು ದೊಡ್ಡ ಹಾಳೆಗೆ ಬ್ರಷ್ ಮುಟ್ಟಿಸುವ ಮೊದಲೇ ಗೊತ್ತು ಮಾಡಿಕೋ. ಬೆಂಕಿಪೆಟ್ಟಿಗೆಯಷ್ಟು ಚೌಕದಲ್ಲಿ ಎರಡು ಮೂರು ಥರ ತುಂಬಿ ನೋಡು. ಅಷ್ಟು ಚಿಕ್ಕದರಲ್ಲೇ ಚೆಂದ ಕಾಣದ್ದು ದೊಡ್ಡದಾದ ಮೇಲೆ ಕಾಣುವುದಿಲ್ಲ. ಮೈಸೂರಿನ ಆರ್.ಕೆ. ಲಕ್ಷ್ಮಣ್ (1921–2015) ಅವರ ಕಾಗೆಗಳನ್ನು ಹುಡುಕಿ ನೋಡು. ಮೈಯೆಲ್ಲ ಕಪ್ಪು, ಆದರೂ ಕತ್ತು ತಿರುಗಿಸಿದ್ದು, ರೆಕ್ಕೆ ಸಡಿಲ ಬಿಟ್ಟಿದ್ದು ಎಲ್ಲ ಗೊತ್ತಾಗುತ್ತದೆ. ಈ ಸಲ ಬಂದಾಗ ಇಲ್ಲಿನ ಇಬ್ರಾಹಿಂ ರೋಜಾ ಸಮಾಧಿಗೂ ಹೋಗೋಣ. ಚಿಕ್ಕವಳಿದ್ದಾಗ ಅಲ್ಲಿ ಓಡಾಡಿದ್ದೀಯ, ಆದರೆ ನೋಡಿಲ್ಲ. ಅಲ್ಲಿ ಕಿಟಕಿಗಳ ಕಲ್ಲಿನ ಜಾಲರಿಯೇ ಅಕ್ಷರ. ಒಳಗಿನಿಂದ ನಿಂತು ನೋಡಿದರೆ ಕಲ್ಲು ಕಪ್ಪು, ಬೆಳಕು ಬಿಳಿ. ಅಕ್ಷರದಷ್ಟೇ ಅಚ್ಚುಕಟ್ಟಾಗಿ ನಡುವಿನ ಸಂದಿಗಳನ್ನೂ ಕೊರೆದಿದ್ದಾರೆ. ಎರಡನೇ ಇಬ್ರಾಹಿಂ ಆದಿಲ್‌ಶಾಹಿ ಕಾಲದ ಕೆಲಸ ಅದು, ಆತ ಆಳಿದ್ದು 1580ರಿಂದ 1627ರವರೆಗೆ. ಜನ ಗೋಳಗುಮ್ಮಟದಲ್ಲಿ ಕೂಗಿ ವಾಪಸ್ ಹೋಗುತ್ತಾರೆ. ನನ್ನ ಪ್ರಕಾರ ಚಿತ್ರ ಬರೆಯುವವರು ಮೊದಲು ನೋಡಬೇಕಾದ್ದು ರೋಜಾ.

ಕಲ್ಲು, ಬೇವಿನ ತೊಗಟೆ, ಎತ್ತಿನ ಮೈ ಬರೆಯಲು ಒಣ ಬ್ರಷ್ ಕಲಿತುಕೋ. ಇಂಕು ಅದ್ದಿ, ಬಟ್ಟೆಗೆ ಒರೆಸಿ, ಕೂದಲು ಸ್ವಲ್ಪ ಕೆದರಿದ ಮೇಲೆ ಹಾಳೆಗೆ ಸವರು. ಆದರೆ ಇದರ ರುಚಿ ಹತ್ತಿದರೆ ಎಲ್ಲ ಕಡೆ ಅದೇ ಆಗುತ್ತದೆ, ಹುಷಾರು.

ಒಂದು ಹನಿ ಬಿತ್ತು ಅಂತ ಹಾಳೆ ಹರಿಯಬೇಡ. ಒಣಗಲಿ, ಮೇಲೆ ಬಿಳಿ ಪೋಸ್ಟರ್ ಕಲರ್ ಹಾಕು. ಅಚ್ಚಿನಲ್ಲಿ ಯಾರಿಗೂ ಕಾಣುವುದಿಲ್ಲ. ಚಿತ್ರ ಬರೆಯುವ ಟ್ಯಾಬ್ಲೆಟ್ ಬಿಡಬೇಕಾ ಅಂತ ಕೇಳಿದ್ದೀಯ. ಯಾಕೆ ಬಿಡಬೇಕು? ಅನ್ನ ಕೊಡುವ ಸಾಮಾನು ಅದು. ಆದರೆ ಅಲ್ಲಿ ಒಂದು ಗೆರೆಯನ್ನು ಹಿಂದಕ್ಕೆ ಪಡೆದು ಮತ್ತೆ ಮತ್ತೆ ಎಳೆಯಬಹುದು. ಹಾಳೆಯ ಮೇಲೆ ಒಂದೇ ಸಲ. ದಿನಕ್ಕೆ ಅರ್ಧ ಗಂಟೆ ಹಾಳೆಯ ಮೇಲೆ ಮಾಡಿದರೆ ಟ್ಯಾಬ್ಲೆಟ್‌ನಲ್ಲೂ ನಿನ್ನ ಗೆರೆ ಗಟ್ಟಿಯಾಗುತ್ತದೆ. ಪುಸ್ತಕಕ್ಕೆ ಚಿತ್ರ ಬರೆದುಕೊಡು ಅಂದವರ ಹತ್ತಿರ ಅರ್ಧ ದುಡ್ಡು ಮೊದಲೇ ಇಸ್ಕೋ. ಸಂಕೋಚ ಮಾಡಬೇಡ. ಮೂಲ ಚಿತ್ರ ನಿನ್ನ ಹತ್ತಿರವೇ ಇರಲಿ, ಅವರಿಗೆ ಸ್ಕ್ಯಾನ್ ಸಾಕು.

ಅದೇ ಮುದುಕಿಯನ್ನು ಮತ್ತೊಮ್ಮೆ ಬರೆದು ಕಳಿಸು, ಈ ಸಲ ಪೆನ್ಸಿಲ್ ಕಡಿಮೆ ಇರಲಿ. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆಗೆ ಬಂದೇ ಬರುತ್ತೀಯಲ್ಲ, ಬ್ರಷ್ ಇಂಕು ಜೊತೆಗೇ ತಾ. ದನದ ಜಾತ್ರೆಯಲ್ಲಿ ಇಬ್ಬರೂ ಕೂತು ಎತ್ತು ಬರೆಯೋಣ, ಅವು ಒಂದು ನಿಮಿಷ ಸುಮ್ನೆ ನಿಲ್ಲುವುದಿಲ್ಲ, ನಿನಗೆ ತಿದ್ದಲು ಪುರುಸೊತ್ತೇ ಸಿಗುವುದಿಲ್ಲ. ನನಗೆ ಕುಂದಾ ತರಬೇಡ, ಡಾಕ್ಟರು ಸಿಹಿ ಬಂದ್ ಮಾಡಿದ್ದಾರೆ. ಅದರ ಬದಲು ಎರಡು ಬಾಟಲಿ ಕಪ್ಪು ಇಂಕು ತಾ, ಇಲ್ಲಿ ಅಂಗಡಿಯವನು ನಾಳೆ ಬಾ ಅನ್ನುತ್ತಲೇ ಇದ್ದಾನೆ.

ನಿನ್ನ
ಕಾಕಾ