ಮದ್ರಾಸ್ ಬಂದರಿನಲ್ಲಿ ಹಡಗು ಹತ್ತಿದವರ ಊರು ಹುಡುಕಿಕೊಡಿ: ವಿದೇಶಾಂಗ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ನಾನು ಬಳ್ಳಾರಿ ಜಿಲ್ಲೆಯಲ್ಲಿ ಗ್ರಾಮ ಲೆಕ್ಕಿಗನಾಗಿ ದುಡಿದು ನಿವೃತ್ತನಾದವನು. ಕಳೆದ ಚಳಿಗಾಲದಲ್ಲಿ ದಕ್ಷಿಣ ಆಫ್ರಿಕಾದ ಡರ್ಬನ್ನಿನಿಂದ ಅರವತ್ತು ದಾಟಿದ ಹೆಣ್ಣುಮಗಳೊಬ್ಬರು ನಮ್ಮೂರಿಗೆ ಬಂದಿದ್ದರು. ಪರಿಚಯದವರು ನನ್ನ ಹತ್ತಿರ ಕರೆತಂದರು. ಅವರ ಕೈಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಜೋಪಾನವಾಗಿಟ್ಟ ಒಂದು ಜೆರಾಕ್ಸ್ ಹಾಳೆ. ಡರ್ಬನ್ ಇರುವ ನೆಟಾಲ್ ಸೀಮೆಗೆ ಕರಾರು ಕೂಲಿಗಳನ್ನು ಒಯ್ದ ಹಡಗಿನ ಪಟ್ಟಿಯ ಒಂದೇ ಒಂದು ಸಾಲು: ಅವರ ಮುತ್ತಜ್ಜನ ನಂಬರು, ಹೆಸರು, ಅಪ್ಪನ ಹೆಸರು, ವಯಸ್ಸು 22, ಜಾತಿ, ಎಡಗಾಲ ಮೇಲೆ ಗಾಯದ ಗುರುತು, ಜಿಲ್ಲೆ ಬಳ್ಳಾರಿ.

ಊರಿನ ಕಾಲಮ್ಮಿನಲ್ಲಿದ್ದ ಇಂಗ್ಲಿಷ್ ಅಕ್ಷರಗಳನ್ನು ಹೇಗೆ ಕೂಡಿಸಿ ಓದಿದರೂ 'ಕೂರ್‌ಕೂಡ' ಎಂದೇ ಆಗುತ್ತಿತ್ತು. ಅಂಥ ಊರು ನಾನು ಕಂಡಿಲ್ಲ. ಕುರುಗೋಡು ಇರಬಹುದೇನೋ ಎಂದೆ. ಆಕೆ ಆ ಹೆಸರನ್ನು ನಾಲ್ಕೈದು ಸಲ ಬಾಯಲ್ಲೇ ಹೇಳಿಕೊಂಡರು. ಒಂದು ಸರ್ಕಾರಿ ಕಚೇರಿಗೆ ಹೋದೆವು. ಸರ್ವೆ ನಂಬರ್ ಇಲ್ಲದೆ ಏನೂ ಹುಡುಕಲಾಗದು ಎಂದರು. ಕುರುಗೋಡಿಗೇ ಕರೆದುಕೊಂಡು ಹೋದೆ. ದೊಡ್ಡಬಸವೇಶ್ವರ ಗುಡಿಯ ಮುಂದೆ ಒಂದು ಹಿಡಿ ಮಣ್ಣು ತೆಗೆದು ಕರವಸ್ತ್ರದಲ್ಲಿ ಕಟ್ಟಿಕೊಂಡರು. ಆಮೇಲೆ ನನ್ನ ಮುಖ ನೋಡಿ, ಇದೇ ಊರು ಎಂದು ಖಚಿತವಾಗಿ ಹೇಳುತ್ತೀರಾ ಎಂದು ಕೇಳಿದರು. ನನ್ನಿಂದ ಹೇಳಲಾಗಲಿಲ್ಲ.

ತಮಗೆ ತಿಳಿಯದ ಇತಿಹಾಸವೇನಲ್ಲ ಇದು. ಬ್ರಿಟಿಷರು ಗುಲಾಮಗಿರಿ ರದ್ದು ಮಾಡಿದ ಮೇಲೆ ಕಬ್ಬಿನ ತೋಟಗಳಿಗೆ ಆಳು ಬೇಕಾಯಿತು. 1834ರ ನವೆಂಬರಿನಲ್ಲಿ 'ಅಟ್ಲಾಸ್' ಹಡಗು 36 ಮಂದಿಯನ್ನು ಮಾರಿಷಸ್ಸಿಗೆ ಮುಟ್ಟಿಸಿತು. 'ಟ್ರೂರೋ' ಮದ್ರಾಸಿನಿಂದ ಹೊರಟು 1860ರ ನವೆಂಬರ್ 16ರಂದು ಡರ್ಬನ್ ಮುಟ್ಟಿತು. 1911ರವರೆಗೆ ನೆಟಾಲ್ ಒಂದಕ್ಕೇ 1,52,000ಕ್ಕೂ ಹೆಚ್ಚು ಜನ ಹೋದರು. ಅವರಲ್ಲಿ ಹೆಚ್ಚಿನವರು ಹತ್ತಿದ್ದು ಮದ್ರಾಸಿನಲ್ಲಿ. ಐದು ವರ್ಷದ ಕರಾರು, ಮೊದಲ ವರ್ಷ ತಿಂಗಳಿಗೆ ಹತ್ತು ಶಿಲಿಂಗ್ ಕೂಲಿ. ಅಗ್ರಿಮೆಂಟ್ ಎಂಬ ಮಾತೇ ಅವರ ಬಾಯಲ್ಲಿ ಗಿರ್ಮಿಟ್ ಆಯಿತು. ನಮ್ಮ ಕಡೆಯ ಮಕ್ಕಳಿಗೆ ಗಿರ್ಮಿಟ್ ಎಂದರೆ ಮಂಡಕ್ಕಿಯದು ಮಾತ್ರ ಗೊತ್ತು.

ಬಳ್ಳಾರಿ, ದಕ್ಷಿಣ ಕನ್ನಡ ಎರಡೂ ಆಗ ಮದ್ರಾಸ್ ಪ್ರೆಸಿಡೆನ್ಸಿಯಲ್ಲಿದ್ದವು. 1876-78ರ ಧಾತು-ಈಶ್ವರ ಬರ ನಮ್ಮ ಸೀಮೆಯನ್ನು ಹುರಿದು ಹಾಕಿದ್ದನ್ನು ನಮ್ಮಜ್ಜಿ ತಾನು ಕೇಳಿದಂತೆ ಹೇಳುತ್ತಿದ್ದಳು. ಊರು ಬಿಟ್ಟವರಲ್ಲಿ ಯಾರು ಗುಳೆ ಹೋದರು, ಯಾರು ದಾರಿಯಲ್ಲಿ ಸತ್ತರು, ಯಾರು ದಲ್ಲಾಳಿಯ ಮಾತು ನಂಬಿ ಹಡಗು ಹತ್ತಿದರು ಎಂಬ ಲೆಕ್ಕ ಊರಿನಲ್ಲಿ ಉಳಿಯಲಿಲ್ಲ. 1894ರಲ್ಲಿ ಧಣಿಯಿಂದ ಹೊಡೆತ ತಿಂದು, ಹಲ್ಲು ಮುರಿದುಕೊಂಡು, ರುಮಾಲನ್ನು ಕೈಯಲ್ಲಿ ಹಿಡಿದು ಗಾಂಧೀಜಿಯ ಕಚೇರಿಗೆ ಬಂದ ತಮಿಳು ಕೂಲಿ ಬಾಲಸುಂದರಂ ಹೆಸರು ಉಳಿಯಿತು, ಗಾಂಧೀಜಿ ಬರೆದಿಟ್ಟರು ಎಂಬ ಕಾರಣಕ್ಕೆ. ಮಿಕ್ಕವರಿಗೆ ಪಟ್ಟಿಯ ಆ ಒಂದು ಸಾಲೇ ಗತಿ.

2025ರ ಜನವರಿಯಲ್ಲಿ ಭುವನೇಶ್ವರದ ಪ್ರವಾಸಿ ಭಾರತೀಯ ದಿವಸದಲ್ಲಿ ಪ್ರಧಾನಿಯವರು ಗಿರ್ಮಿಟಿಯರ ಡೇಟಾಬೇಸ್ ಆಗಬೇಕು, ಯಾವ ಊರಿನಿಂದ ಯಾರು ಎಲ್ಲಿಗೆ ಹೋದರು ಎಂದು ತಿಳಿಯಬೇಕು ಎಂದರು. ಕೇಳಿ ನನಗೆ ನಿಜಕ್ಕೂ ಸಂತೋಷವಾಯಿತು. ಮಾರಿಷಸ್ಸಿನ ಏಳನೇ ತಲೆಮಾರಿನವರಿಗೂ ಒಸಿಐ ಕಾರ್ಡ್ (ಸಾಗರೋತ್ತರ ಭಾರತೀಯರ ಗುರುತಿನ ಚೀಟಿ) ಎಂದು 2024ರಲ್ಲೇ ಘೋಷಣೆಯಾಗಿದೆ. ಆದರೆ ಕಾರ್ಡ್ ಕೈಗೆ ಬರಬೇಕಾದರೆ ವಂಶದ ದಾಖಲೆ ಬೇಕಲ್ಲವೇ? ಫಿಜಿ, ಗಯಾನಾ, ಸುರಿನಾಮ್, ಟ್ರಿನಿಡಾಡ್ ದೇಶಗಳು ತಮ್ಮಲ್ಲಿರುವ ಕೂಲಿಗಳ ಕಡತಗಳನ್ನು 2011ರಲ್ಲೇ ಯುನೆಸ್ಕೋದ ವಿಶ್ವ ಸ್ಮೃತಿ ಪಟ್ಟಿಗೆ ಸೇರಿಸಿದವು. ಮಾರಿಷಸ್ 2015ರಲ್ಲಿ ಸೇರಿಸಿತು. ಬರಮಾಡಿಕೊಂಡ ದೇಶಗಳು ಇಷ್ಟು ಮಾಡಿವೆ. ಕಳಿಸಿದ ನೆಲ ನಮ್ಮದು.

ನನ್ನ ಬೇಡಿಕೆ ದೊಡ್ಡದಲ್ಲ. ಈ ಡೇಟಾಬೇಸಿನ ಕೆಲಸ ಕಲ್ಕತ್ತೆ ಬಂದರಿನಿಂದ ಹೋದ ಉತ್ತರದ ಭೋಜಪುರಿ ಸೀಮೆಯವರಿಗಷ್ಟೇ ನಿಲ್ಲದಿರಲಿ. ಮದ್ರಾಸಿನ ಹಡಗುಗಳ ಪಟ್ಟಿಯೂ ಪೂರ್ತಿ ಸೇರಲಿ. ಡರ್ಬನ್, ಫಿಜಿಯ ಸುವಾ, ಮಾರಿಷಸ್ಸಿನ ಮೋಕಾದಲ್ಲಿರುವ ಕಡತಗಳ ಪ್ರತಿ ತರಿಸಿ. ಎಲ್ಲಕ್ಕಿಂತ ಮುಖ್ಯವಾಗಿ, ಊರಿನ ಕಾಲಂ ಓದುವ ಕೆಲಸವನ್ನು ದೆಹಲಿಯ ಕಂಪ್ಯೂಟರಿಗೆ ಬಿಟ್ಟುಬಿಡಬೇಡಿ. ಗುಮಾಸ್ತ ಕಿವಿಗೆ ಬಿದ್ದಂತೆ ಗೀಚಿದ ಹೆಸರು ಅದು. ಆ ಊರು ಇಂದು ಜನವಸತಿಯಿಲ್ಲದೆ ಬೇಚರಾಕ್ ಆಗಿರಬಹುದು, ತುಂಗಭದ್ರಾ ಜಲಾಶಯದಲ್ಲಿ ಮುಳುಗಿರಬಹುದು, ಪಕ್ಕದ ಊರಿನ ಮಜರೆಯಾಗಿ ಸೇರಿಹೋಗಿರಬಹುದು. ಅದನ್ನು ಗುರುತಿಸಬಲ್ಲವರು ಹಳೆಯ ಕಂದಾಯ ದಾಖಲೆ ತಿರುವಿದ ಶಾನುಭೋಗರ ಮನೆತನದವರು, ತಳವಾರರು, ನನ್ನಂಥ ನಿವೃತ್ತ ಲೆಕ್ಕಿಗರು. ಕನ್ನಡ, ತೆಲುಗು, ತಮಿಳು ಬಲ್ಲ ಇಂಥವರನ್ನು ಜಿಲ್ಲೆಗೆ ನಾಲ್ಕು ಜನರಂತೆ ಕೂಡಿಸಿ. ನಮಗೀಗ ವಯಸ್ಸಾಗುತ್ತಿದೆ, ತಡ ಮಾಡಬೇಡಿ. ಬಳ್ಳಾರಿ ಜಿಲ್ಲೆಯ ಸಾಲುಗಳನ್ನು ಕಳಿಸಿದರೆ ನಾನು ಸಂಬಳ ಬೇಡದೆ ಕೂತು ಓದಿಕೊಡುತ್ತೇನೆ.

ಆಕೆ ಬಿಟ್ಟುಹೋದ ಹಾಳೆ ನನ್ನ ಹತ್ತಿರ ಇದೆ. ಅವರ ಒಪ್ಪಿಗೆ ಪಡೆದು, ತಮ್ಮ ಕಚೇರಿಗೆ ಅಂಚೆಯಲ್ಲಿ ಕಳಿಸುತ್ತಿರುವ ಈ ಪತ್ರದ ಪ್ರತಿಗೆ ಅದನ್ನು ಲಗತ್ತಿಸಿದ್ದೇನೆ. ಊರಿನ ಕಾಲಮ್ಮಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಗ್ರಾಮ ಲೆಕ್ಕಿಗ, ಬಳ್ಳಾರಿ