ಬೆಳವಾಡಿ ರಸ್ತೆಯ ಆ ಅಣ್ಣನಿಗೆ

ಕಳೆದ ಭಾನುವಾರ ಹಳೇಬೀಡು ದಾಟಿ ಬೆಳವಾಡಿ ಕಡೆ ಹೋಗುವಾಗ ಕಾರು ಪಂಕ್ಚರ್ ಆಗಿ ನಿಂತಿದ್ದ ಕುಟುಂಬ ನಮ್ಮದೇ ಅಣ್ಣಾ. ನಿಮ್ಮ ಹೆಸರು ಕೇಳಲೇ ಇಲ್ಲ, ತಪ್ಪು ನನ್ನದು.

ಬೆಳಿಗ್ಗೆ ದೊಡ್ಡಗದ್ದವಳ್ಳಿ ನೋಡಿಕೊಂಡು ಬಂದಿದ್ದೆವು. ನಾಲ್ಕು ಗರ್ಭಗುಡಿಗಳ ಹೊಯ್ಸಳ ದೇವಾಲಯ, ಕಾಳಿಯ ಬಾಗಿಲಲ್ಲಿ ಎಲುಬು ಎಣಿಸಬಹುದಾದ ಬೇತಾಳಗಳು. ಮಗಳು ಅದರ ಗುಂಗಲ್ಲೇ ಇದ್ದಳು. ಆಗಲೇ ಟೈರು ಹೋಯಿತು. ರಸ್ತೆ ಬದಿಯ ಮಣ್ಣು ಮೆತ್ತಗೆ, ಜಾಕಿ ಎತ್ತಿದಷ್ಟೂ ಕೆಳಗಿಳಿಯುತ್ತಿತ್ತು. ನೀವು ಹಾಲಿನ ಕ್ಯಾನ್ ಕಟ್ಟಿದ್ದ ಟೀವಿಎಸ್ ನಿಲ್ಲಿಸಿ, "ಅಡೀಗೊಂದ್ ಚಪ್ಪಡಿ ಕಲ್ಲು ಕೊಡ್ಬೇಕು ಸಾರ್" ಅಂತ ತೋಟದ ಬೇಲಿಯಿಂದ ಹೊತ್ತು ತಂದಿರಿ. ತುಕ್ಕು ಹಿಡಿದ ನಟ್ಟು ಜಗ್ಗದಿದ್ದಾಗ ಸ್ಪ್ಯಾನರ್ ಮೇಲೆ ಹತ್ತಿ ನಿಂತೇಬಿಟ್ಟಿರಿ! ಸ್ಟೆಪ್ನಿಯಲ್ಲೂ ಗಾಳಿ ಕಮ್ಮಿ ಇತ್ತು (ವರ್ಷದಿಂದ ನೋಡಿರಲಿಲ್ಲ). ಊರಿನ ಪಂಕ್ಚರ್ ಅಂಗಡಿವರೆಗೆ ನಿಮ್ಮ ಗಾಡಿ ಹಿಂದೆ ನಿಧಾನವಾಗಿ ಬಂದೆವು. ದುಡ್ಡು ಕೊಡಹೋದರೆ ಕೈ ಹಿಂದಕ್ಕೆ ಕಟ್ಟಿಕೊಂಡು, "ನಮ್ಮೂರ್ ದೇವಸ್ಥಾನ ನೋಡ್ಕಂಡ್ ಹೋಗಿ" ಅಂದಿರಿ, ಅಷ್ಟೇ.

ನೋಡಿದೆವು ಅಣ್ಣಾ. ವೀರನಾರಾಯಣ, ವೇಣುಗೋಪಾಲ, ಯೋಗಾನರಸಿಂಹ ಮೂವರನ್ನೂ. ಕಡೆದ ಕಂಬಗಳಲ್ಲಿ ಮುಖ ಕಾಣುವಷ್ಟು ಹೊಳಪು. ನನ್ನ ಕೆನ್ನೆಯ ಗ್ರೀಸು ನನಗೆ ಕಂಡಿದ್ದು ಅಲ್ಲೇ.

ನಿಮ್ಮ ಡೈರಿಗೆ ಅವತ್ತು ಹಾಲು ತಡವಾಯಿತೇನೋ. ಆ ಚಪ್ಪಡಿಯನ್ನೂ ವಾಪಸ್ ಇಡದೆ ಬಂದಿದ್ದೇವೆ, ಕ್ಷಮಿಸಿ.